ದೂರವಿದ್ದು ಜೊತೆಗೆ ದುಡಿಯುವುದು

ನನ್ನ ಸೋದರಮಾವ ಬೀರೂರು–ಶಿವಮೊಗ್ಗ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಬೇಸಗೆಯ ರಜೆ ಬಂತೆಂದರೆ ನಾವು ಮಕ್ಕಳು ಅಲ್ಲಿಗೆ ಹೋಗುತ್ತಿದ್ದೆವು. ಹಂಚಿನ ಮಾಡಿನ ಒಂದು ಕಟ್ಟಡ, ಮುಂದೆ ಹೊಂಗೆಯ ಮರ, ಆಚೆಗೆ ಕಣ್ಣು ಹಾಯುವಷ್ಟು ದೂರ ಹೊಲ. ದಿನಕ್ಕೆ ನಾಲ್ಕಾರು ಗಾಡಿ ಬಂದು ಹೋದರೆ ಮುಗಿಯಿತು. ಉಳಿದ ಹೊತ್ತೆಲ್ಲ ಗಾಳಿಯ ಸದ್ದು. ಮಾವನ ಕೋಣೆಯಲ್ಲಿ ಕೆಂಪು ಬಣ್ಣ ಬಳಿದ ಒಂದು ಯಂತ್ರವಿತ್ತು, ಅದರ ಜೊತೆಗೆ ಒಂದು ಟೆಲಿಫೋನು. ಗಾಡಿ ಬಿಡುವ ಮುನ್ನ ಮಾವ ಆ ಟೆಲಿಫೋನಿನಲ್ಲಿ ಮುಂದಿನ ನಿಲ್ದಾಣದ ಮಾಸ್ತರರನ್ನು ಕೇಳಬೇಕು: "ಲೈನ್ ಕ್ಲಿಯರ್ ಇದೆಯೇ?" ಅವರು ಹಿಂದಿನ ಗಾಡಿ ಪೂರ್ತಿಯಾಗಿ ಬಂದು ಸೇರಿದೆಯೇ, ಹಳಿ ಬರಿದಾಗಿದೆಯೇ ಎಂದು ನೋಡಿ, "ಇದೆ" ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಯಂತ್ರದಿಂದ ಲೋಹದ ಗುಂಡು ಹೊರಕ್ಕೆ ಬರುವುದು, ಆ ಗುಂಡು ಡ್ರೈವರನ ಕೈ ಸೇರಿದ ಮೇಲೆಯೇ ಗಾಡಿ ಹೊರಡುವುದು.

ಮುಂದಿನ ನಿಲ್ದಾಣದ ಮಾಸ್ತರರು ತೆಲುಗು ಸೀಮೆಯವರು. ಮಾವ ಅವರ ಮುಖವನ್ನು ಕಂಡಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಠಾಣೆಗಳನ್ನು ಬಿಟ್ಟು ಕದಲುವಂತಿರಲಿಲ್ಲ. ಆದರೂ ಲೈನ್ ಕ್ಲಿಯರ್ ಕೇಳುವ ಮುನ್ನ ಮಾವ ಕೇಳುತ್ತಿದ್ದ ಮಾತು ನನಗೆ ಇಂದಿಗೂ ನೆನಪಿದೆ: "ಏನು ಸ್ವಾಮಿ, ಮಗುವಿಗೆ ಜ್ವರ ಬಿಟ್ಟಿತೇ?" ಗಾರ್ಡಿನ ಕೈಯಲ್ಲಿ ಇಲ್ಲಿಂದ ಹಲಸಿನ ಹಪ್ಪಳ ಹೋಗುತ್ತಿತ್ತು, ಅಲ್ಲಿಂದ ಆವಕಾಯಿ ಬರುತ್ತಿತ್ತು. ಹೀಗೆ ಮೂರು ವರ್ಷ ಕಳೆದ ಮೇಲೆ ಅವರ ಮಗಳ ಮದುವೆಗೆ ಮಾವ ರಜೆ ಹಾಕಿ ಹೋದರು. ಚಪ್ಪರದ ಬಾಗಿಲಲ್ಲಿ ನಿಂತು, "ಯಾರು ಬೇಕಾಗಿತ್ತು?" ಎಂದು ಕೇಳಿದವರ ಧ್ವನಿ ಕಿವಿಗೆ ಬಿದ್ದೊಡನೆ ಮಾವ ಅವರನ್ನು ಅಪ್ಪಿಕೊಂಡರಂತೆ.

ಈ ಕಥೆಯನ್ನು ನಾನು ಬಹುಕಾಲ ಒಂದು ವಿನೋದವೆಂದು ಹೇಳಿಕೊಂಡು ಬಂದೆ. ಅದರಲ್ಲಿ ಒಂದು ವಿದ್ಯೆಯೇ ಅಡಗಿದೆಯೆಂಬುದು ತಿಳಿದದ್ದು, ನಾನೇ ದೂರದ ಊರುಗಳಲ್ಲಿ ಕುಳಿತ ಹತ್ತು ಮಂದಿಯನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ಹೊಣೆ ಹೊತ್ತು, ಅದರಲ್ಲಿ ಒಮ್ಮೆ ಸೋತ ಮೇಲೆ.

ಮನೆಯಲ್ಲಿ ಕುಳಿತು ದೂರದ ಕಚೇರಿಯ ಕೆಲಸ ಮಾಡುವುದು ನೀವು ಬಗೆದಷ್ಟು ಹೊಸ ಮಾತಲ್ಲ. ಅಮೆರಿಕದಲ್ಲಿ ಜ್ಯಾಕ್ ನಿಲ್ಲೆಸ್ ಎಂಬುವರು 1973ರಲ್ಲಿಯೇ ಇದಕ್ಕೆ 'ಟೆಲಿಕಮ್ಯೂಟಿಂಗ್' ಎಂಬ ಹೆಸರನ್ನು ಕೊಟ್ಟರು. ಜನ ಕೆಲಸದ ಬಳಿಗೆ ಹೋಗುವ ಬದಲು ಕೆಲಸವೇ ತಂತಿಯ ಮೇಲೆ ಜನರ ಬಳಿಗೆ ಬರಲಿ ಎಂಬುದು ಅವರ ಯೋಚನೆ. ನಮ್ಮ ಬೆಂಗಳೂರಿಗೂ ಇದರ ನಂಟು ಹಳೆಯದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಂದಿನಿಂದ ಈ ಊರಿನಲ್ಲಿ ಕುಳಿತು ಸಮುದ್ರದಾಚೆಯ ಸಹೋದ್ಯೋಗಿಗಳೊಡನೆ ದುಡಿಯುವ ಪದ್ಧತಿ ಬೆಳೆಯುತ್ತಲೇ ಬಂತು. ಆದರೆ ಆಗ ದೂರವಿದ್ದವರು ಅವರು; ನಾವು ನಾವೆಲ್ಲ ಒಂದೇ ಸೂರಿನ ಕೆಳಗಿದ್ದೆವು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಆ ಸೂರೂ ಹೋಯಿತು. ಬೆಂಗಳೂರಿನ ಬಾಡಿಗೆಯ ಕೋಣೆಗಳನ್ನು ಖಾಲಿ ಮಾಡಿ ಸಾವಿರಾರು ಹುಡುಗ ಹುಡುಗಿಯರು ಊರು ಸೇರಿದರು. ಶಿರಸಿಯ ಅಟ್ಟ, ಬಂಟ್ವಾಳದ ಜಗಲಿ, ಕಲಬುರಗಿಯ ಮಹಡಿ ಎಲ್ಲವೂ ಕಚೇರಿಯಾದುವು. ಬಳಿಕ ಎಷ್ಟೋ ಸಂಸ್ಥೆಗಳು ತಮ್ಮವರನ್ನು ಹಿಂದಕ್ಕೆ ಕರೆಸಿಕೊಂಡುವು. ಕೆಲವು ವಾರಕ್ಕೆ ಎರಡು ಮೂರು ದಿನ ಬಂದರೆ ಸಾಕೆಂದುವು. ಆದರೂ ಒಬ್ಬರು ಒಂದೊಂದು ಊರಿನಲ್ಲಿದ್ದು ಒಂದೇ ಕೆಲಸ ಮಾಡುವ ತಂಡಗಳು ಉಳಿದುಕೊಂಡಿವೆ. ನಿಮ್ಮ ಮನೆಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಇಂಥ ತಂಡದವರೊಬ್ಬರು ಇದ್ದೇ ಇರುತ್ತಾರೆ.

ನನ್ನ ತಂಡದ ಕೆಲಸ ಸಹಕಾರ ಸಂಘಗಳ ಲೆಕ್ಕಪತ್ರಗಳಿಗೆ ಬೇಕಾದ ಕಂಪ್ಯೂಟರ್ ಕ್ರಮವಿಧಿಗಳನ್ನು ಬರೆಯುವುದು. ನನ್ನನ್ನೂ ಸೇರಿಸಿ ಹನ್ನೊಂದು ಮಂದಿ. ಮೂವರು ಬೆಂಗಳೂರಿನಲ್ಲಿ, ಉಳಿದವರು ಹುಬ್ಬಳ್ಳಿ, ತುಮಕೂರು, ಮಂಗಳೂರು, ರಾಯಚೂರು, ಪುಣೆ ಎಂದು ಹಂಚಿಹೋಗಿದ್ದರು. ಒಬ್ಬ ಹುಡುಗ ಕೊಪ್ಪದ ಬಳಿಯ ಹಳ್ಳಿಯವನು. ಬಹಳ ಚುರುಕು, ಮಾತು ಕಡಮೆ. ಮೊದಲ ವರ್ಷ ಎಲ್ಲವೂ ಸುಗಮವಾಗಿಯೇ ನಡೆಯಿತು. ಎರಡನೆಯ ಮಳೆಗಾಲದಲ್ಲಿ ಅವನ ಉತ್ತರಗಳು ಗಿಡ್ಡವಾದುವು. "ಆಗಲಿ ಸರ್", "ಮಾಡುತ್ತೇನೆ ಸರ್" ಇಷ್ಟೇ. ಆಮೇಲೆ ಒಮ್ಮೆ ಎರಡು ದಿನ ಉತ್ತರವೇ ಇಲ್ಲ. ನಾನು ತಂಡದವರೆಲ್ಲರೂ ಓದುವ ಜಾಗದಲ್ಲಿಯೇ ಬರೆದೆ: "ಎರಡು ದಿನದಿಂದ ನಿಮ್ಮ ಸುಳಿವಿಲ್ಲ. ಊರಿನಲ್ಲಿದ್ದು ಕೆಲಸ ಮಾಡಲು ಬಿಟ್ಟದ್ದನ್ನು ಹೀಗೆ ಬಳಸಿಕೊಳ್ಳುವುದು ತರವಲ್ಲ." ಹತ್ತು ಜನ ಅದನ್ನು ಓದಿದರು. ಯಾರೂ ಏನೂ ಹೇಳಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಅವನಿಂದ "ಕ್ಷಮಿಸಿ ಸರ್" ಎಂದು ಬಂತು. ವಾರ ಕಳೆಯುವುದರೊಳಗೆ ರಾಜೀನಾಮೆ ಬಂತು.

ನಾನು ಆಗ ಅವನ ಮನೆಗೆ ಫೋನು ಮಾಡಿದೆ. ತಾಯಿ ಎತ್ತಿಕೊಂಡರು. "ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ ಇಪ್ಪತ್ತು ದಿನ ಆಯ್ತು. ಮಗ ಅಲ್ಲೇ ವರಾಂಡದಲ್ಲಿ ಕೂತು ನಿಮ್ಮ ಕೆಲಸ ಮಾಡ್ತಿದ್ದಾನೆ. ನಿಮಗೆ ಹೇಳಿಲ್ವಾ?" ಎಂದರು. ತಂದೆಯ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕಳೆದು, ಹಗಲು ವರಾಂಡದ ಬೆಂಚಿನ ಮೇಲೆ ಲ್ಯಾಪ್‌ಟಾಪು ತೆರೆದು ಕುಳಿತಿದ್ದ ಹುಡುಗನಿಗೆ ನಾನು ಊರಿನ ಸುಖವನ್ನು ನೆನಪಿಸಿಕೊಟ್ಟಿದ್ದೆ. ಮರುದಿನವೇ ಬಸ್ಸು ಹತ್ತಿ ಹೋದೆ. ಅವನು ಕೋಪಿಸಿಕೊಳ್ಳಲಿಲ್ಲ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, "ಹೇಳಬೇಕೆಂದಿದ್ದೆ ಸರ್. ಕೆಲಸದ ಮಾತು ಬಿಟ್ಟು ಬೇರೆ ಮಾತು ಹೇಳೋದಕ್ಕೆ ಅಲ್ಲಿ ಜಾಗವೇ ಇರಲಿಲ್ಲ" ಎಂದ.

ಈ ಮಾತನ್ನು ನೀವು ಸ್ವಲ್ಪ ಯೋಚಿಸಿ ನೋಡಿ. ಒಂದೇ ಕಚೇರಿಯಲ್ಲಿದ್ದಿದ್ದರೆ ನಾನೇನೂ ಹೆಚ್ಚು ದಯಾಳುವಾಗಿರುತ್ತಿರಲಿಲ್ಲ. ಆದರೆ ಬೆಳಗ್ಗೆ ಅವನ ಮುಖ ಕಾಣುತ್ತಿತ್ತು. ಊಟದ ಡಬ್ಬಿ ತರದೆ ಇದ್ದದ್ದು ಪಕ್ಕದವರಿಗೆ ಗೊತ್ತಾಗುತ್ತಿತ್ತು. "ಏನಯ್ಯಾ, ನಿದ್ದೆ ಇಲ್ಲವೇ?" ಎಂದು ಯಾರಾದರೊಬ್ಬರು ಕೇಳುತ್ತಿದ್ದರು. ಕಚೇರಿಯೆಂಬ ಕಟ್ಟಡ ನಮಗೆ ತಿಳಿಯದಂತೆ ಎಷ್ಟೋ ವಿಚಾರಣೆಗಳನ್ನು ನಮ್ಮ ಪರವಾಗಿ ಮಾಡುತ್ತಿರುತ್ತದೆ. ಕಟ್ಟಡ ಇಲ್ಲವಾದ ಮೇಲೆ ಆ ಕೆಲಸವನ್ನು ಯಾರಾದರೂ ಕೈಯಾರ ಮಾಡಬೇಕು. ನಾನು ಮಾಡಿರಲಿಲ್ಲ.

ದೂರ ಏನು ಮಾಡುತ್ತದೆಂಬುದನ್ನು ಬಲ್ಲವರು ಅಳೆದು ನೋಡಿದ್ದಾರೆ. ಅಮೆರಿಕದ ಎಂ.ಐ.ಟಿ.ಯ ಥಾಮಸ್ ಆಲೆನ್ ಅವರು ಪ್ರಯೋಗಶಾಲೆಗಳ ಎಂಜಿನಿಯರುಗಳು ಯಾರು ಯಾರೊಡನೆ ಎಷ್ಟು ಸಲ ಮಾತನಾಡುತ್ತಾರೆಂದು ವರ್ಷಗಟ್ಟಲೆ ಲೆಕ್ಕ ಹಾಕಿ 1977ರಲ್ಲಿ ಪುಸ್ತಕ ಬರೆದರು. ಮೇಜುಗಳ ನಡುವಣ ಅಂತರ ಹೆಚ್ಚಿದ ಹಾಗೆಲ್ಲ ಮಾತು ಥಟ್ಟನೆ ಇಳಿಯುತ್ತದೆ. ಸುಮಾರು 50 ಮೀಟರು ದಾಟಿತೆಂದರೆ ಬಹುಮಟ್ಟಿಗೆ ನಿಂತೇಹೋಗುತ್ತದೆ ಎಂದು ಅವರು ಕಂಡರು. 50 ಮೀಟರಿಗೇ ಈ ಪಾಡಾದರೆ ಕೊಪ್ಪಕ್ಕೂ ಪುಣೆಗೂ ನಡುವೆ ಏನಾದೀತು? ಟೆಲಿಫೋನು ಇದೆ, ವಿಡಿಯೊ ಇದೆ, ನಿಜ. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯ 61,000ಕ್ಕೂ ಹೆಚ್ಚು ನೌಕರರು 2020ರ ಮೊದಲ ಆರು ತಿಂಗಳಲ್ಲಿ ಪರಸ್ಪರ ಹೇಗೆ ಸಂಪರ್ಕವಿಟ್ಟುಕೊಂಡರೆಂಬುದನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇನು? ಎಲ್ಲರೂ ಮನೆಯಿಂದ ದುಡಿಯತೊಡಗಿದ ಮೇಲೆ ಜನ ತಮ್ಮ ತಮ್ಮ ಚಿಕ್ಕ ಗುಂಪುಗಳೊಳಗೇ ಸುತ್ತತೊಡಗಿದರು. ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ನಡುವಣ ಸೇತುವೆಗಳು ಕಡಮೆಯಾದುವು. ಹತ್ತಿರದವರು ಇನ್ನಷ್ಟು ಹತ್ತಿರ, ದೂರದವರು ಇನ್ನಷ್ಟು ದೂರ.

ಹಾಗೆಂದು ದೂರದ ಕೆಲಸವೇ ಕೆಟ್ಟದ್ದೆನ್ನಬೇಕಾಗಿಲ್ಲ. ಚೀನದ ಶಾಂಘಾಯಿಯಲ್ಲಿ ಸೀಟ್ರಿಪ್ ಎಂಬ ಪ್ರವಾಸ ಸಂಸ್ಥೆಯ ಟೆಲಿಫೋನು ಕೇಂದ್ರದಲ್ಲಿ ಸ್ಟ್ಯಾನ್‌ಫರ್ಡಿನ ನಿಕೊಲಾಸ್ ಬ್ಲೂಮ್ ಮತ್ತು ಅವರ ಜೊತೆಯವರು ಒಂಬತ್ತು ತಿಂಗಳ ಪ್ರಯೋಗ ನಡೆಸಿದರು. ಅದರ ಫಲ 2015ರಲ್ಲಿ ಪ್ರಕಟವಾಯಿತು. ಮನೆಯಿಂದ ದುಡಿದವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಿತು. ಕೆಲಸ ಬಿಟ್ಟು ಹೋಗುವವರೂ ಕಡಮೆಯಾದರು. ಇಷ್ಟು ಕೇಳಿದರೆ ಯಜಮಾನರಿಗೆ ಸಂತೋಷ. ಆದರೆ ಮುಂದಿನದನ್ನು ಕೇಳಿ. ಪ್ರಯೋಗ ಮುಗಿದು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದಾಗ ಅದರಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನಸ್ಸು ಬದಲಾಯಿಸಿದರು. ಮನೆಯಲ್ಲಿದ್ದವರಲ್ಲಿ ಅನೇಕರು ಒಂಟಿತನ ತಾಳಲಾರದೆ ಕಚೇರಿಗೆ ಮರಳಿದರು. ಇನ್ನೊಂದು ಸಂಗತಿಯೂ ಹೊರಬಿತ್ತು: ಸಮನಾದ ಕೆಲಸಕ್ಕೆ ಮನೆಯಲ್ಲಿದ್ದವರಿಗೆ ಬಡ್ತಿ ಸಿಕ್ಕುವುದು ಕಡಮೆಯಾಗಿತ್ತು. ಕಣ್ಣಿಗೆ ಕಾಣದವನು ನೆನಪಿಗೂ ಬಾರನು. ಅದೇ ಸಂಸ್ಥೆಯಲ್ಲಿ 1,612 ಮಂದಿಯನ್ನು ಸೇರಿಸಿಕೊಂಡು ಮತ್ತೊಂದು ಪ್ರಯೋಗ ನಡೆಯಿತು. ವಾರದಲ್ಲಿ ಎರಡು ದಿನ ಮಾತ್ರ ಮನೆಯಿಂದ, ಉಳಿದ ದಿನ ಕಚೇರಿಯಲ್ಲಿ. 2024ರಲ್ಲಿ ಪ್ರಕಟವಾದ ಅದರ ವರದಿಯಂತೆ ಕೆಲಸಕ್ಕೂ ಬಡ್ತಿಗೂ ಧಕ್ಕೆಯಾಗಲಿಲ್ಲ. ಬಿಟ್ಟು ಹೋಗುವವರ ಸಂಖ್ಯೆ ಮೂರರಲ್ಲಿ ಒಂದು ಪಾಲು ಇಳಿಯಿತು. ಎಂದಮೇಲೆ ಜನರಿಗೆ ಬೇಕಾದದ್ದು ಎರಡು: ಮನೆಯೂ ಬೇಕು, ಮನುಷ್ಯರೂ ಬೇಕು.

ವಾರಕ್ಕೆ ಮೂರು ದಿನ ಸೇರಲು ಆಗದಷ್ಟು ದೂರದಲ್ಲಿರುವವರು ಏನು ಮಾಡಬೇಕು? ಇಲ್ಲಿ ನಾನು ಮತ್ತೆ ಮಾವನ ನಿಲ್ದಾಣಕ್ಕೆ ಹೋಗುತ್ತೇನೆ. ಮಾವ ಮೂರು ಕೆಲಸ ಮಾಡುತ್ತಿದ್ದರು. ಉತ್ತರ ಬಾರದೆ ಗಾಡಿ ಬಿಡುತ್ತಿರಲಿಲ್ಲ; ಮಗುವಿನ ಜ್ವರ ವಿಚಾರಿಸುತ್ತಿದ್ದರು; ಗಾರ್ಡಿನ ಕೈಯಲ್ಲಿ ಹಪ್ಪಳ ಕಳಿಸುತ್ತಿದ್ದರು. ಉತ್ತರ, ಕುಶಲ, ಭೇಟಿ ಎಂದು ನಾನು ಇವನ್ನು ಕರೆದುಕೊಂಡಿದ್ದೇನೆ.

ಮೊದಲನೆಯದು ಉತ್ತರ. ದೂರದ ತಂಡಕ್ಕೆ ಮೌನದಷ್ಟು ಅಪಾಯದ ವಸ್ತು ಬೇರೊಂದಿಲ್ಲ. ಕ್ಯಾಥರೀನ್ ಕ್ರಾಮ್ಟನ್ ಎಂಬ ವಿದ್ವಾಂಸರು ಬೇರೆ ಬೇರೆ ದೇಶಗಳಲ್ಲಿದ್ದು ಒಂದೇ ಕೆಲಸ ಮಾಡಿದ ವಿದ್ಯಾರ್ಥಿ ತಂಡಗಳ ಪತ್ರಗಳನ್ನೆಲ್ಲ ಓದಿ 2001ರಲ್ಲಿ ಒಂದು ಪ್ರಬಂಧ ಬರೆದರು. ಒಬ್ಬರು ಸುಮ್ಮನಿದ್ದರೆ ಅದಕ್ಕೆ ಹತ್ತು ಅರ್ಥ: ಒಪ್ಪಿದ್ದಾರೆ, ಒಪ್ಪಿಲ್ಲ, ಊರಲ್ಲಿಲ್ಲ, ಪತ್ರ ಸೇರಿಲ್ಲ, ಏನು ಹೇಳಬೇಕೋ ತಿಳಿದಿಲ್ಲ. ದೂರದಲ್ಲಿ ಕುಳಿತವನು ಇವುಗಳಲ್ಲಿ ಒಂದನ್ನು ತಾನೇ ಆರಿಸಿಕೊಳ್ಳುತ್ತಾನೆ, ಬಹಳ ಸಲ ತಪ್ಪಾದದ್ದನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲದೆ ಎದುರಿಗಿಲ್ಲದವನ ಪರಿಸ್ಥಿತಿ ನಮಗೆ ಕಾಣುವುದಿಲ್ಲವಾಗಿ ತಪ್ಪನ್ನು ಅವನ ಸ್ವಭಾವದ ಮೇಲೆ ಹೊರಿಸುತ್ತೇವೆ. ಕರೆಂಟು ಹೋಗಿದೆಯೆಂದುಕೊಳ್ಳುವುದಿಲ್ಲ, ಸೋಮಾರಿ ಎಂದುಕೊಳ್ಳುತ್ತೇವೆ. ನಾನು ಮಾಡಿದ್ದು ಅದನ್ನೇ.

ಆದ್ದರಿಂದ ನಮ್ಮ ತಂಡದಲ್ಲಿ ಈಗ ಒಂದು ಕಟ್ಟಳೆಯುಂಟು. ಪತ್ರ ಬಂದರೆ, ಕೆಲಸ ಆಗದಿದ್ದರೂ ಸರಿ, "ನೋಡಿದೆ, ನಾಳೆ ಹೇಳುತ್ತೇನೆ" ಎಂದು ಒಂದು ಸಾಲು ಅದೇ ದಿನ ಹೋಗಬೇಕು. ಒಂದು ದಿನ ಉತ್ತರ ಬಾರದಿದ್ದರೆ ಮತ್ತೊಂದು ಪತ್ರ ಬರೆಯಕೂಡದು; ಫೋನು ಮಾಡಬೇಕು. ಫೋನಿನಲ್ಲಿ ಮೊದಲ ಪ್ರಶ್ನೆ "ಕೆಲಸ ಏನಾಯಿತು?" ಎಂದಲ್ಲ, "ಎಲ್ಲ ಸೌಖ್ಯವೇ?" ಎಂದು. ಹೊಗಳಿಕೆ ಹತ್ತು ಜನರ ಮುಂದೆ ಇರಲಿ, ತಪ್ಪು ಹೇಳುವುದು ಒಬ್ಬರಿಗೊಬ್ಬರು ಇದ್ದಾಗ ಇರಲಿ. ಹಾಗೆಯೇ ಬೆಂಗಳೂರಿನ ಮೂವರು ಕಾಫಿಗೆ ಹೋದಾಗ ಏನಾದರೂ ತೀರ್ಮಾನಿಸಿದರೆ ಅದನ್ನು ಬರೆದು ಉಳಿದವರಿಗೆ ಕಳಿಸಬೇಕು. ಇಲ್ಲವಾದರೆ ತೀರ್ಮಾನ ಒಂದು ಊರಿನದು, ದುಡಿಮೆ ಎಲ್ಲ ಊರುಗಳದು ಎಂದಾಗುತ್ತದೆ.

ಎರಡನೆಯದು ಕುಶಲ. ಇದರಲ್ಲಿ ಎಡವುವವರೇ ಹೆಚ್ಚು. ಹುಡುಗ ಹೋದ ಮೇಲೆ ನಾನು ಪಶ್ಚಾತ್ತಾಪದ ಭರದಲ್ಲಿ ಶುಕ್ರವಾರ ಸಂಜೆ ಒಂದು ವಿನೋದಗೋಷ್ಠಿ ಏರ್ಪಡಿಸಿದೆ. ಎಲ್ಲರೂ ಪರದೆಯ ಮುಂದೆ ಕುಳಿತು ಹಾಡಬೇಕು, ಆಟ ಆಡಬೇಕು. ಮೂರು ವಾರ ನಡೆಯಿತು. ನಾಲ್ಕನೆಯ ವಾರ ರಾಯಚೂರಿನ ಹೆಣ್ಣುಮಗಳು ಫೋನು ಮಾಡಿ, "ಸರ್, ತಪ್ಪು ತಿಳೀಬ್ಯಾಡ್ರಿ. ಆ ಹೊತ್ತಿನ್ಯಾಗ ಮಗನ್ನ ಟ್ಯೂಷನ್ನಿಂದ ಕರ್ಕೊಂಡ್ ಬರಬೇಕ್ರಿ. ನಗೋದಕ್ಕೂ ಹಾಜರಿ ಹಾಕಿದ್ರ ಹ್ಯಾಂಗ್ರಿ?" ಎಂದಳು. ಅವಳು ಹೇಳಿದ್ದು ಸರಿ. ಕುಶಲವೆಂಬುದು ಅಪ್ಪಣೆಯಿಂದ ಹುಟ್ಟುವುದಲ್ಲ. ಅದಕ್ಕೆ ಜಾಗ ಬಿಡಬೇಕು, ಅಷ್ಟೇ. ಈಗ ಸೋಮವಾರದ ಸಭೆ ಹತ್ತು ಗಂಟೆಗೆಂದರೆ ಬಾಗಿಲು ಒಂಬತ್ತು ಮುಕ್ಕಾಲಿಗೇ ತೆರೆದಿರುತ್ತದೆ. ಬರುವವರು ಬರಬಹುದು, ಬಾರದವರನ್ನು ಕೇಳುವವರಿಲ್ಲ. ಅಲ್ಲಿ ಅಡಕೆಯ ಧಾರಣೆ, ಹುಬ್ಬಳ್ಳಿಯ ಬಿಸಿಲು, ಮಗುವಿನ ಹಲ್ಲು, ಎಲ್ಲವೂ ಬರುತ್ತದೆ. ಕನ್ನಡವೂ ಅಲ್ಲಿ ಬರುತ್ತದೆ. ಸಭೆಯ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿದ್ದಾಗ ಬಾಯಿ ಬಿಡದ ಇಬ್ಬರು ಆ ಕಾಲು ಗಂಟೆಯಲ್ಲಿ ಬಾಯಿ ಬಿಟ್ಟರು. ಒಮ್ಮೆ ಬಿಟ್ಟ ಬಾಯಿ ಸಭೆಯಲ್ಲಿಯೂ ಮುಚ್ಚಲಿಲ್ಲ. ಪುಣೆಯವರು ಮರಾಠಿಯವರು, ಅವರಿಗಾಗಿ ಒಬ್ಬರಲ್ಲ ಒಬ್ಬರು ಅರ್ಥ ಹೇಳುತ್ತಾರೆ. ಅವರೂ ನಾಲ್ಕು ಮಾತು ಕಲಿತಿದ್ದಾರೆ, ಅದರಲ್ಲಿ ಎರಡು ತಿಂಡಿಯ ಹೆಸರು.

ಇದಲ್ಲದೆ ವಾರಕ್ಕೊಮ್ಮೆ ಪ್ರತಿಯೊಬ್ಬರೊಡನೆಯೂ ಇಪ್ಪತ್ತು ನಿಮಿಷ ಬೇರೆಯಾಗಿ ಮಾತನಾಡುತ್ತೇನೆ, ವಿಡಿಯೊ ಇಲ್ಲದೆ, ಬರಿಯ ಟೆಲಿಫೋನಿನಲ್ಲಿ. ಪರದೆಯ ಮಾತು ಏಕೆ ದಣಿಸುತ್ತದೆಂಬುದನ್ನು ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲನ್‌ಸನ್ ಅವರು 2021ರಲ್ಲಿ ವಿವರಿಸಿದ್ದಾರೆ: ಎಷ್ಟೋ ಕಣ್ಣುಗಳು ತೀರ ಹತ್ತಿರದಿಂದ ನಮ್ಮನ್ನೇ ನೋಡುತ್ತಿರುವಂತೆ ತೋರುವುದು, ನಮ್ಮ ಮುಖವನ್ನು ನಾವೇ ಹೊತ್ತುಗಟ್ಟಲೆ ನೋಡಿಕೊಳ್ಳಬೇಕಾಗುವುದು, ಕುಳಿತಲ್ಲಿಂದ ಕದಲಲಾಗದಿರುವುದು, ಸಹಜವಾದ ತಲೆದೂಗುವಿಕೆಯನ್ನೂ ಪ್ರಯತ್ನಪಟ್ಟು ತೋರಿಸಬೇಕಾಗುವುದು. ದಿನವೆಲ್ಲ ಕನ್ನಡಿಯ ಮುಂದೆ ಕುಳಿತು ಕೆಲಸ ಮಾಡಿ ಎಂದರೆ ಯಾರು ತಾಳುತ್ತಾರೆ? ಧ್ವನಿಯೊಂದೇ ಇದ್ದರೆ ಮನುಷ್ಯ ಅಂಗಳದಲ್ಲಿ ಅಡ್ಡಾಡುತ್ತ ಮಾತನಾಡುತ್ತಾನೆ. ಮುಖ ಕಾಣದ ಧ್ವನಿಗೆ ಆಪ್ತವಾಗುವ ಶಕ್ತಿ ಎಷ್ಟುಂಟೆಂಬುದನ್ನು ರೇಡಿಯೊ ಕೇಳುವ ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರನೆಯದು ಭೇಟಿ. ಮಾರ್ಥಾ ಮಜ್ನೆವ್‌ಸ್ಕಿ ಮತ್ತು ಕ್ಯಾಥರೀನ್ ಚುಡೋಬ ಎಂಬುವರು ಹಲವು ದೇಶಗಳಲ್ಲಿ ಹಂಚಿಹೋಗಿದ್ದ ಮೂರು ತಂಡಗಳನ್ನು 21 ತಿಂಗಳು ಗಮನಿಸಿ 2000ದಲ್ಲಿ ಬರೆದರು. ಚೆನ್ನಾಗಿ ಕೆಲಸ ಮಾಡಿದ ತಂಡಗಳಿಗೆ ಒಂದು ಲಯವಿತ್ತು: ಗೊತ್ತಾದ ಕಾಲಕ್ಕೆ ಎಲ್ಲರೂ ಮುಖಾಮುಖಿ ಸೇರುವುದು, ನಡುವಣ ಕಾಲದಲ್ಲಿ ಫೋನು ಪತ್ರಗಳಿಂದ ಸಾಗಿಸುವುದು. ಆ ಲಯ ಎದೆಬಡಿತದ ಹಾಗೆ. ವರ್ಷಕ್ಕೊಂದು ಸಲ ದೊಡ್ಡ ಹೋಟೆಲಿನಲ್ಲಿ ಮೂರು ದಿನ ಭಾಷಣ ಕೇಳಿಸುವುದಕ್ಕಿಂತ ಆರಾರು ತಿಂಗಳಿಗೆ ಎರಡು ದಿನ ಒಂದೆಡೆ ಕುಳಿತು ಒಟ್ಟಿಗೆ ಕೆಲಸ ಮಾಡುವುದು, ಒಟ್ಟಿಗೆ ಊಟ ಮಾಡುವುದು ಮೇಲು. ನಾವು ಪ್ರತಿಸಲವೂ ಬೆಂಗಳೂರಿನಲ್ಲಿ ಸೇರುವುದಿಲ್ಲ. ಒಮ್ಮೆ ಹುಬ್ಬಳ್ಳಿ, ಒಮ್ಮೆ ಮಂಗಳೂರು. ದೂರದವರೇ ಯಾವಾಗಲೂ ಪ್ರಯಾಣ ಮಾಡಬೇಕೆಂದರೆ, ನಡುಮನೆ ಯಾರದು, ಜಗಲಿ ಯಾರದು ಎಂಬುದನ್ನು ಹೇಳದೆಯೇ ಹೇಳಿದಂತಾಗುತ್ತದೆ. ಹೊಸಬರು ಸೇರಿದರೆ ಮೊದಲ ವಾರ ತಂಡದವರೊಬ್ಬರ ಪಕ್ಕದಲ್ಲಿ ಕುಳಿತೇ ಕೆಲಸ ಕಲಿಯುವಂತೆ ಏರ್ಪಾಡು ಮಾಡುತ್ತೇವೆ. ಹಳಬರಿಗೆ ಹಿಂದಿನ ಪರಿಚಯದ ಗಂಟು ಇರುತ್ತದೆ. ಹೊಸಬರ ಕೈಯಲ್ಲಿ ಏನೂ ಇರುವುದಿಲ್ಲ.

ಭೇಟಿಯ ಜೊತೆಗೆ ಮನ್ನಣೆಯನ್ನೂ ಸೇರಿಸಬೇಕು. ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರನ್ನು ನೀವು ಕೇಳಿರಬಹುದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ನಡೆಸಿದವನು ಅವನು. ಅವನಿಗೆ ನೆರವಾದವರು ಊರೂರು ತಿರುಗಿ ಶಾಸನ, ಕೈಫಿಯತ್ತುಗಳನ್ನು ಕೂಡಿಹಾಕಿ ವರದಿ ಕಳಿಸುತ್ತಿದ್ದ ಪಂಡಿತರು, ಗುಮಾಸ್ತರು. ಕಾವಲಿ ವೆಂಕಟ ಬೋರಯ್ಯ 1803ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ ಆ ಹೊಣೆ ಹೊತ್ತ. ಅದೂ ದೂರ ದೂರ ಹಂಚಿಹೋಗಿದ್ದ ಒಂದು ತಂಡವೇ. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೆಕೆಂಜಿಯ ಚಿತ್ರ ಬರೆದಾಗ ಸಾಹೇಬನೊಬ್ಬನೇ ಅದರಲ್ಲಿ ನಿಲ್ಲಲಿಲ್ಲ. ಅವನ ಸಹಾಯಕರಾದ ಮೂವರು ದೇಶೀಯರೂ ಪಕ್ಕದಲ್ಲಿದ್ದಾರೆ. ಆ ಕಾಲದ ಒಡೆಯ-ಆಳಿನ ಅಂತರ ಅಲ್ಲಿಯೂ ಕಾಣುತ್ತದೆ, ನಿಜ. ಆದರೂ ಅವರಿಗೆ ಚಿತ್ರದಲ್ಲಿ ಜಾಗ ಸಿಕ್ಕಿತು. ನಮ್ಮ ದೊಡ್ಡ ಕಚೇರಿಗಳ ವರದಿಗಳಲ್ಲಿ ರಾಯಚೂರಿನ ಹೆಣ್ಣುಮಗಳ ಹೆಸರು ಬರುತ್ತದೆಯೇ ಎಂದು ನಾನು ಈಗ ನೋಡುತ್ತೇನೆ. ಬಾರದಿದ್ದರೆ ಬರೆಯಿಸುತ್ತೇನೆ.

ಇನ್ನು ದುಡಿಯುವವರ ದೇಹ, ಮನಸ್ಸುಗಳ ಮಾತು. ಮನೆಯೇ ಕಚೇರಿಯಾದಾಗ ಕಚೇರಿಗೆ ಬೀಗ ಹಾಕುವವರು ಯಾರು? ಹಿಂದೆ ಬಸ್ಸಿನಲ್ಲಿ ಕಳೆಯುತ್ತಿದ್ದ ಹೊತ್ತು ನಮಗೆ ಉಳಿಯಿತೆಂದುಕೊಂಡೆವು. ನೋಡುತ್ತಿದ್ದಂತೆ ಅದನ್ನೂ ಕೆಲಸವೇ ನುಂಗಿತು. ಸಮುದ್ರದಾಚೆಯ ತಂಡಗಳೊಡನೆ ದುಡಿಯುವವರ ಕಷ್ಟ ಇನ್ನೂ ಹೆಚ್ಚು. ಕ್ಯಾಲಿಫೋರ್ನಿಯ ನಮಗಿಂತ ಹನ್ನೆರಡೂವರೆಯೋ ಹದಿಮೂರೂವರೆಯೋ ಗಂಟೆ ಹಿಂದೆ. ಅವರ ಬೆಳಗಿನ ಹುರುಪು ನಮ್ಮ ನಡುರಾತ್ರಿಯ ತೂಕಡಿಕೆ. ಸಭೆಯ ಹೊತ್ತನ್ನು ಸರದಿಯ ಮೇಲೆ ಬದಲಾಯಿಸಿ ನಿದ್ದೆಗೆಡುವ ಪಾಳಿಯನ್ನು ಎಲ್ಲ ದೇಶದವರೂ ಹಂಚಿಕೊಳ್ಳುವುದು ನ್ಯಾಯ. ಸಂಜೆ ಏಳರ ಮೇಲೆ ಬರೆದ ಪತ್ರಕ್ಕೆ ಬೆಳಗಿನವರೆಗೆ ಉತ್ತರ ನಿರೀಕ್ಷಿಸಬಾರದೆಂಬ ಕಟ್ಟಳೆಯನ್ನು ಮೊದಲು ಪಾಲಿಸಬೇಕಾದವನು ಯಜಮಾನ. ಅವನೇ ರಾತ್ರಿ ಹನ್ನೊಂದಕ್ಕೆ ಪತ್ರ ಬರೆದು, "ಅವಸರವಿಲ್ಲ" ಎಂದು ಸೇರಿಸಿದರೆ ಯಾರೂ ನಂಬುವುದಿಲ್ಲ. ಹೆಂಗಸರ ಮಾತಂತೂ ಬೇರೆಯೇ. ಮನೆಯಲ್ಲಿದ್ದಾಳೆಂದರೆ ಬಿಡುವಾಗಿದ್ದಾಳೆಂದೇ ಮನೆಯವರ ಲೆಕ್ಕ. ಹಾಲಿನವನಿಂದ ಹಿಡಿದು ಅತ್ತೆಯ ಮಾತ್ರೆಯವರೆಗೆ ಎಲ್ಲಕ್ಕೂ ಅವಳೇ. ನಿಮ್ಮ ಮನೆಯ ಸೊಸೆಯೋ ಮಗಳೋ ಪರದೆಯ ಮುಂದೆ ಕುಳಿತಿದ್ದರೆ ಅವಳು ಕಚೇರಿಯಲ್ಲಿದ್ದಾಳೆಂದೇ ತಿಳಿಯಿರಿ. ಬಾಗಿಲು ತಟ್ಟಿ ಒಳಗೆ ಹೋಗಿ. ಅವಳ ಕ್ಷೇಮದಲ್ಲಿ ಸಂಸ್ಥೆಯದು ಅರ್ಧ, ಮನೆಯವರದು ಅರ್ಧ.

ಮನಸ್ಸಿಗೆ ಕವಿಯುವ ಮಬ್ಬು ಕೆಲವೊಮ್ಮೆ ಜೊತೆಗಾರರ ಮಾತಿಗೆ ಜಗ್ಗುವುದಿಲ್ಲ. ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ಬದುಕೇ ಬೇಡವೆನಿಸುವುದು, ಇವು ಉಪದೇಶದಿಂದ ಹೋಗುವ ತೊಂದರೆಗಳಲ್ಲ. ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ನಮ್ಮ ತಂಡದವರೆಲ್ಲರ ಬಳಿಯೂ ಇರಿಸಿದ್ದೇವೆ. ನೀವೂ ಬರೆದಿಟ್ಟುಕೊಳ್ಳಿ. ಒಬ್ಬನೇ ಕೋಣೆಯಲ್ಲಿ ಕುಳಿತು ದುಡಿಯುವವನಿಗೆ, ಕೇಳುವ ಕಿವಿಯೊಂದು ಇದೆಯೆಂಬ ತಿಳಿವಳಿಕೆಯೇ ಅರ್ಧ ಧೈರ್ಯ.

ಕೊಪ್ಪದ ಹುಡುಗ ನಮ್ಮ ತಂಡಕ್ಕೆ ಮರಳಿ ಬರಲಿಲ್ಲ. ನಾನು ಕರೆದೆ, ಅವನು ನಯವಾಗಿ ಬೇಡವೆಂದ. ತಂದೆ ಉಳಿದುಕೊಂಡರು, ಅದೊಂದು ದೊಡ್ಡ ಸಮಾಧಾನ. ಅವನು ಈಗ ಶಿವಮೊಗ್ಗದಲ್ಲಿಯೇ ಒಂದು ಕೆಲಸದಲ್ಲಿದ್ದಾನೆ. ಮಾಡಿದ ತಪ್ಪನ್ನೆಲ್ಲ ತಿದ್ದಿಕೊಳ್ಳಲು ಎರಡನೆಯ ಅವಕಾಶ ಸಿಕ್ಕುತ್ತದೆಂದು ನಿಮಗೆ ನಾನು ಹೇಳಲಾರೆ. ಮುಂದಿನವರ ವಿಷಯದಲ್ಲಿ ತಪ್ಪದಿರುವ ಅವಕಾಶ ಮಾತ್ರ ಸಿಕ್ಕುತ್ತದೆ. ಕಳೆದ ಮಳೆಗಾಲದಲ್ಲಿ ತುಮಕೂರಿನವರೊಬ್ಬರ ಉತ್ತರಗಳು ಗಿಡ್ಡವಾಗತೊಡಗಿದಾಗ, ನಾನು ಗಮನಿಸುವುದಕ್ಕೆ ಮೊದಲೇ ಮಂಗಳೂರಿನವರು ಅವರಿಗೆ ಫೋನು ಮಾಡಿದ್ದರು, ಹುಬ್ಬಳ್ಳಿಯವರು ಅವರ ಪಾಲಿನ ಕೆಲಸವನ್ನು ಕೈಗೆತ್ತಿಕೊಂಡಿದ್ದರು. ನನಗೆ ವಿಷಯ ತಿಳಿದದ್ದು ಮೂರನೆಯ ದಿನ. ಆಗ ನನಗೆ ಅನ್ನಿಸಿತು, ಇದೀಗ ತಂಡವಾಯಿತು ಎಂದು.

ನಿಮಗೂ ದೂರದಲ್ಲಿ ಒಬ್ಬ ಜೊತೆಗಾರ ಇರಬಹುದು. ಕಚೇರಿಯವನಾಗಿರಬಹುದು, ಪರ ಊರಿನಲ್ಲಿರುವ ಮಗನಾಗಿರಬಹುದು. ಕೆಲವು ದಿನದಿಂದ ಅವನ ಮಾತು ಗಿಡ್ಡವಾಗಿದೆಯೇ? ಹಾಗಿದ್ದರೆ ಇದನ್ನು ಓದಿ ಮುಗಿಸಿದೊಡನೆ ಒಂದು ಫೋನು ಮಾಡಿ. ಕೆಲಸದ ಮಾತು ಆಮೇಲೆ ಇರಲಿ. ಮೊದಲು ಮಗುವಿಗೆ ಜ್ವರ ಬಿಟ್ಟಿತೇ ಎಂದು ಕೇಳಿ.